ನಿಧಾನ ನಡೆಯುವವರಿಗೆ ಹದಿನಾಲ್ಕು ನಿಮಿಷ

ಕೆಲಸದ ಮಾತುಕತೆಗೆ ಕಂಪನಿಯಿಂದ ಕರೆ ಬರಬೇಕಾದದ್ದು ಹನ್ನೊಂದಕ್ಕೆ. ಹತ್ತೂಕಾಲಿಗೇ ಅವಳು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮಲಗುವ ಕೋಣೆಯಲ್ಲಿ ಬೀರುವಿಗೂ ಮಂಚಕ್ಕೂ ನಡುವೆ ತುರುಕಿದ್ದ ಮೇಜಿನ ಮುಂದೆ ಕೂತುಬಿಟ್ಟಿದ್ದಳು. ಕೂತು ಮಾಡುವುದೇನೂ ಇರಲಿಲ್ಲ. ತನ್ನ ಸೈಟನ್ನೇ ತೆರೆದು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ಜಾರಿಸುತ್ತ, ಕಂಪನಿಯಾಕೆಗೆ ಅದು ಹೇಗೆ ಕಂಡೀತು ಎಂದು ಊಹಿಸಲು ಹೆಣಗುತ್ತಿದ್ದಳು. ಮೇಲೆ ಅವಳ ಫೋಟೋ. ಫೋಟೋದ ಕೆಳಗೆ ಜೂನಿಯರ್ ವೆಬ್ ಡೆವಲಪರ್ ಎಂದು ದಪ್ಪಕ್ಷರ. ಮೂವತ್ತೊಂಬತ್ತು ತುಂಬಿದವಳು ಜೂನಿಯರ್ ಅಂತೆ! ಕೋರ್ಸಿನಲ್ಲಿ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಹುಡುಗಿಯರ ನಡುವೆ ಅವಳು ಎಲ್ಲರಿಗೂ ಅಕ್ಕ. ಅವಳಿಗಿಂತ ಆರು ವರ್ಷ ಚಿಕ್ಕವರಾದ ಮೇಷ್ಟ್ರು ಕೂಡ ಒಮ್ಮೊಮ್ಮೆ ಮರೆತು ಅಕ್ಕ ಎಂದುಬಿಡುತ್ತಿದ್ದರು. ತರಗತಿಯೆಲ್ಲ ನಗುತ್ತಿತ್ತು, ಅವಳೂ ನಗುತ್ತಿದ್ದಳು, ನಕ್ಕು ಮನೆಗೆ ಬಂದು ಕನ್ನಡಿ ನೋಡಿಕೊಳ್ಳುತ್ತಿದ್ದಳು. ಫೋಟೋದ ಕೆಳಗೆ ಮೂರು ಚೌಕ, ಮೂರು ಕೆಲಸ. ಮೊದಲನೆಯದು ತರಗತಿಯಲ್ಲಿ ಎಲ್ಲರೂ ಮಾಡಿದ ಕ್ಯಾಲ್ಕುಲೇಟರ್. ಎರಡನೆಯದು ತಾನು ಹನ್ನೊಂದು ವರ್ಷ ಚೀಟಿ ಬರೆದ ಕಣ್ಣಿನ ಆಸ್ಪತ್ರೆಗೆಂದು ಮಾಡಿದ್ದು, ಆಸ್ಪತ್ರೆಯೇ ಮುಚ್ಚಿ ವರ್ಷದ ಮೇಲಾದದ್ದರಿಂದ ಯಾರಿಗೂ ಬೇಡದ್ದು. ಇವೆರಡೂ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮೂರನೆಯದು ಬಸ್ಸಿನ ಸೈಟು. ಅದರ ಕೆಳಗೆ ಅವಳೇ ಬರೆದಿದ್ದಳು: ನಾನು ಯೋಚಿಸಿ, ರೂಪಿಸಿ, ಕಟ್ಟಿದ್ದು.

ಆ ಸಾಲು ಮೊದಲು ಹಾಗಿರಲಿಲ್ಲ. ಸಹಪಾಠಿಯೊಬ್ಬಳ ಜತೆ ಸೇರಿ ಮಾಡಿದ್ದು ಎಂದಿತ್ತು. ಮೇಷ್ಟ್ರು ಕುತ್ತಿಗೆ ಚಾಚಿ ಓದಿ, "ಸೇರಿ ಮಾಡಿದ್ದು ಅಂದ್ರೆ ನೀವೇನೂ ಮಾಡಿಲ್ಲ ಅಂತ ಓದ್ಕೋತಾರೆ ಮೇಡಂ. ಸ್ವಲ್ಪ ಧೈರ್ಯವಾಗಿ ಬರೀರಿ," ಎಂದಿದ್ದರು. ಧೈರ್ಯ ಮಾಡಿದಳು. ಮಾಡಿದ ಕ್ಷಣವೇ ಪಕ್ಕದ ಕುರ್ಚಿಯತ್ತ ನೋಡಿದ್ದಳು, ಕುರ್ಚಿ ಖಾಲಿಯಿತ್ತು, ಇರುವೆ ಆವತ್ತು ಬಂದಿರಲಿಲ್ಲ. ತನಗಿಂತ ದೊಡ್ಡ ಹೊರೆ ಹೊತ್ತು ಸದ್ದಿಲ್ಲದೆ ಓಡಾಡುವವಳು ಎಂದು ಹುಡುಗರು ಇಟ್ಟ ಹೆಸರು ಇರುವೆ. ಇಬ್ಬರಿಬ್ಬರು ಸೇರಿ ಒಂದು ಕೆಲಸ ಮಾಡಿ ಎಂದಾಗ ಎಲ್ಲರೂ ತಮ್ಮ ತಮ್ಮ ವಯಸ್ಸಿನವರನ್ನು ಹಿಡಿದುಕೊಂಡರು, ಕೊನೆಗೆ ಉಳಿದವರು ಅಕ್ಕ ಮತ್ತು ಇರುವೆ. ನಿಲ್ದಾಣದ ಹೆಸರು ಹಾಕಿದರೆ ಮುಂದಿನ ಬಸ್ಸು ಎಷ್ಟೊತ್ತಿಗೆ ಎಂದು ತೋರಿಸುವ ಸೈಟು. ಅಂಥವು ಬೇಕಾದಷ್ಟಿವೆ, ಹೊಸದೇನಲ್ಲ. ಇರುವೆ ಮಾತ್ರ ಒಂದು ಸಂಜೆ ಉಗುರು ಕಚ್ಚುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ, "ಬಸ್ ಇಲ್ಲ ಅಂತ ಹೇಳಿ ಸುಮ್ನಾಗ್ಬಿಟ್ರೆ ಅಲ್ಲಿ ನಿಂತಿರೋರು ಏನು ಮಾಡ್ಬೇಕು ಅಕ್ಕಾ?" ಎಂದಿದ್ದಳು. ಬಸ್ಸಿಲ್ಲದಾಗ ಹತ್ತಿರದ ಬೇರೆ ನಿಲ್ದಾಣ ಯಾವುದು, ಅಲ್ಲಿಗೆ ನಡೆಯಲು ಎಷ್ಟು ಹೊತ್ತು. ಅದೂ ಎರಡು ಲೆಕ್ಕ: ಬೇಗ ನಡೆಯುವವರಿಗೆ ಎಂಟು ನಿಮಿಷ, ನಿಧಾನ ನಡೆಯುವವರಿಗೆ ಹದಿನಾಲ್ಕು ನಿಮಿಷ. ಇರುವೆಯ ಅಮ್ಮ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುತ್ತಿದ್ದಳು, ಮಂಡಿ ಹೋಗಿತ್ತು. ರಜೆಯ ದಿನ ಅಮ್ಮನ ಕೈ ಹಿಡಿದು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ನಡೆಸಿ, ಫೋನಿನಲ್ಲಿ ಹೊತ್ತು ಅಳೆದುಕೊಂಡು ಬಂದಿದ್ದಳು ಹುಡುಗಿ. "ಎಷ್ಟು ಕಡೆ ಆಯ್ತೇ?" ಎಂದರೆ, "ಇಪ್ಪತ್ತಾರು ಆಯ್ತು ಅಕ್ಕಾ, ಅಮ್ಮ ಬೈತಾ ಇದಾಳೆ," ಎಂದಿದ್ದಳು. ಅಕ್ಕ ನಕ್ಕಿದ್ದಳು. "ಇದನ್ನೆಲ್ಲ ಯಾರು ನೋಡ್ತಾರೆ ಮಾರಾಯ್ತಿ, ಮೊದಲು ಆ ಬಣ್ಣ ಸರಿ ಮಾಡು," ಎಂದಿದ್ದಳು. ಅಂದದ್ದು ತಾನೇ. ಅದೇ ಕೆಲಸ ಈಗ ಅವಳ ಹೆಸರಿನ ಕೆಳಗೆ ಕೂತು, ಏಳು ಕಡೆಯಿಂದ ಮೌನ ಬಂದ ಮೇಲೆ ಎಂಟನೆಯ ಕಡೆಯಿಂದ ಕರೆ ತಂದುಕೊಟ್ಟಿತ್ತು.

"ಕುಕ್ಕರ್ ಇಡ್ಲೋ ಬೇಡ್ವೋ?" ಅತ್ತೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿದರು. ಕೇಳುವ ಮೊದಲೇ ಉತ್ತರ ಗೊತ್ತಿದ್ದ ದನಿ.

"ಹನ್ನೆರಡರವರೆಗೂ ಬೇಡ ಅತ್ತೆ. ಸೀಟಿ ಕೇಳ್ಸುತ್ತೆ."

"ಕೇಳ್ಸಿದ್ರೇನು, ಅವರ ಮನೇಲಿ ಅನ್ನ ಬೇಯಲ್ವಾ? ದೇವರ ಮುಂದೆ ಕೂತೋರನ್ನಾದ್ರೂ ಮಾತಾಡಿಸ್ಬಹುದು, ಈ ಕಂಪ್ಯೂಟರ್ ಮುಂದೆ ಕೂತೋರನ್ನ ಮಾತಾಡಿಸೋ ಹಾಗಿಲ್ಲ." ಬಾಗಿಲು ಎಳೆದುಕೊಂಡರು, ಪೂರ್ತಿ ಮುಚ್ಚಲಿಲ್ಲ. ಅವರು ಸಂದಿ ಬಿಟ್ಟದ್ದು ಒಳಗಿನ ಮಾತು ಕೇಳಲಿ ಎಂದೇ ಎಂಬುದು ಅವಳಿಗೆ ಗೊತ್ತಿತ್ತು. ಕೆಟ್ಟ ಮನಸ್ಸಿನಿಂದಲ್ಲ. ಬೆಳಗ್ಗೆ ಕಿಟಕಿ ಗಾಜಿನ ಅಳತೆಗೆಂದು ಹೊರಟ ಗಂಡ ಅಮ್ಮನಿಗೆ ಮೆಲ್ಲಗೆ, "ಈವತ್ತು ಅವಳಿಗೇನೂ ಅನ್ಬೇಡ, ಇದು ಆದ್ರೆ ಆಯ್ತು, ಇಲ್ದಿದ್ರೆ ಮೇಷ್ಟ್ರು ಇನ್ನು ಅವಳ ಹೆಸರು ಯಾವ ಕಂಪನಿಗೂ ಕಳಿಸಲ್ವಂತೆ," ಎಂದು ಹೇಳಿಹೋದದ್ದು ಬಚ್ಚಲಿನಲ್ಲಿದ್ದ ಅವಳಿಗೆ ಕೇಳಿಸಿತ್ತು. ಹೌದು, ಮೇಷ್ಟ್ರು ಹಾಗೇ ಹೇಳಿದ್ದರು. ಹೊಸ ತಂಡ ಬಂದಿದೆ, ಅವರನ್ನೂ ನೋಡಬೇಕಲ್ಲ. ಈ ಬಾಗಿಲು ಮುಚ್ಚಿದರೆ ಮತ್ತೆ ಯಾವುದೋ ಆಸ್ಪತ್ರೆಯ ಗಾಜಿನ ಹಿಂದೆ ಕೂತು, ಡಾಕ್ಟರು ಈವತ್ತು ಬರುವುದಿಲ್ಲವೆಂದು ಖಚಿತವಾಗಿ ಗೊತ್ತಿದ್ದೂ, "ಬರ್ತಾರೆ, ಈಗ ಬಂದ್ಬಿಡ್ತಾರೆ, ಕೂತ್ಕೊಳ್ಳಿ" ಎನ್ನುವ ಕೆಲಸ. ಹನ್ನೊಂದು ವರ್ಷ ಅದನ್ನೇ ಹೇಳಿದ್ದಳು. ಕಣ್ಣಿಗೆ ಹತ್ತಿ ಕಟ್ಟಿಕೊಂಡವರು ಅವಳ ದನಿ ನಂಬಿ ಕೂರುತ್ತಿದ್ದರು. ಬರುವುದಿಲ್ಲ ಎಂದರೆ ಜಗಳ, ಬರುತ್ತಾರೆ ಎಂದರೆ ಸುಮ್ಮನಾಗುತ್ತಾರೆ. ಅಷ್ಟೇ ಕಲಿತದ್ದು ಅಲ್ಲಿ.

ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಪರದೆಯ ಮೇಲೆ ಕಂಪನಿಯಾಕೆ ಮೂಡಿದಳು. ತನ್ನದೇ ವಯಸ್ಸು, ಇಲ್ಲವೇ ಒಂದೆರಡು ವರ್ಷ ಕಮ್ಮಿ. ಹಿಂದೆ ಬಿಳಿ ಗೋಡೆ, ಪಕ್ಕದಲ್ಲಿ ಚಹಾ ಲೋಟ. ನಗುಮುಖ. ನಗುಮುಖದವರನ್ನು ಕಂಡರೆ ಅವಳಿಗೆ ಹೆಚ್ಚು ಭಯ. ಹೆಸರು ಕೇಳಿದಳು, ಹಿಂದಿನ ಕೆಲಸ ಕೇಳಿದಳು, "ಹನ್ನೊಂದು ವರ್ಷ ರಿಸೆಪ್ಷನ್‌ನಲ್ಲಿ ಇದ್ರಾ? ಹಾಗಾದ್ರೆ ತಾಳ್ಮೆ ಬೇಕಾದಷ್ಟಿದೆ ಅನ್ನಿ," ಎಂದಳು. ಎಲ್ಲ ಸುಸೂತ್ರವಾಗಿ ಹೋಗುತ್ತಿತ್ತು. ಕ್ಯಾಲ್ಕುಲೇಟರ್ ಬಗ್ಗೆ ಏನೂ ಕೇಳಲಿಲ್ಲ, ಆಸ್ಪತ್ರೆಯದನ್ನು ಒಮ್ಮೆ ತೆರೆದು ಮುಚ್ಚಿದಳು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಅಂದ ಹಾಗೆ, ಹೋದ ಸೋಮವಾರ ನಿಮ್ಮ ಸೈಟ್ ನೋಡ್ತಾ ಇದ್ದೆ. ಬಸ್ಸಿನದು ನೋಡಿ ಒಂದು ಪ್ರಶ್ನೆ ಬಂತು. ಅಲ್ಲೇ ಕೆಳಗೆ ಫಾರಂ ಇತ್ತಲ್ಲ, ಅದರಲ್ಲೇ ಬರೆದು ಕಳಿಸಿದೆ. ನೋಡಿದ್ರಾ?" ಎಂದಳು.

ಫಾರಂ. ಹೆಸರು, ವಿಳಾಸ, ಸಂದೇಶ, ಕೆಳಗೆ ನೀಲಿ ಗುಂಡಿ. ಬಸ್ಸಿನ ಸೈಟಿನಲ್ಲೂ ಅಂಥದೇ ಒಂದನ್ನು ಮಾಡಿದವಳು ಇವಳೇ, ಅಲ್ಲಿ ಇವಳ ಪಾಲಿಗೆ ಬಂದ ಕೆಲಸ ಅದೊಂದೇ. ತನ್ನ ಸೈಟಿಗೆ ಅದನ್ನೇ ಎತ್ತಿ ತಂದಿಟ್ಟು, ಗುಂಡಿ ಒತ್ತಿದರೆ ಒಂದು ಸೆಕೆಂಡು ತಡೆದು ಹಸಿರು ಅಕ್ಷರದಲ್ಲಿ 'ನಿಮ್ಮ ಸಂದೇಶ ತಲುಪಿದೆ. ಬೇಗ ಉತ್ತರಿಸುತ್ತೇನೆ' ಎಂದು ಬರುವಂತೆ ಮಾಡಿದ್ದಳು. ಆ ಒಂದು ಸೆಕೆಂಡು ತಡೆದದ್ದು ನಿಜವಾಗಿಯೂ ಎಲ್ಲಿಗೋ ಹೋಯಿತು ಎಂದು ಅನ್ನಿಸಲಿ ಎಂದು. ಎಲ್ಲಿಗೂ ಹೋಗುತ್ತಿರಲಿಲ್ಲ. ಅದನ್ನು ತನ್ನ ಮಿಂಚಂಚೆಗೆ ಜೋಡಿಸುವ ಕೆಲಸ ಆಮೇಲೆ ಎಂದುಕೊಂಡು, ಒಳಗೆ 'ಆಮೇಲೆ ಜೋಡಿಸಬೇಕು' ಎಂದು ತನಗೇ ಒಂದು ಸಾಲು ಬರೆದಿಟ್ಟು, ಮರೆತಿದ್ದಳು. ಸೈಟು ಏರಿಸಿದ ದಿನ ಹತ್ತು ವರ್ಷದ ಮಗಳು ಅಪ್ಪನ ಫೋನಿನಿಂದ ಏನೋ ಬರೆದು ಕಳಿಸಿ ಓಡಿಬಂದು, "ಬಂತಾ ಅಮ್ಮ, ನಾನು ಬರೆದಿದ್ದು?" ಎಂದಾಗ ಯಾವುದೋ ಬಣ್ಣ ಸರಿಮಾಡುತ್ತಿದ್ದ ಇವಳು ತಲೆಯೆತ್ತದೆ, "ಬಂತು ಪುಟ್ಟೀ, ಚೆನ್ನಾಗಿದೆ," ಎಂದಿದ್ದಳು. ಹಾಗೆ ಹೇಳಿಹೇಳಿ ಅವಳಿಗೂ ಅದು ಕೆಲಸ ಮಾಡುತ್ತದೆ ಎಂದೇ ಆಗಿಹೋಗಿತ್ತು. ಮೂರು ತಿಂಗಳು! ಮೂರು ತಿಂಗಳಿಂದ ಆ ಹಸಿರು ಅಕ್ಷರ ಬಂದವರಿಗೆಲ್ಲ ಕೂತ್ಕೊಳ್ಳಿ, ಬರ್ತಾರೆ ಎನ್ನುತ್ತಿತ್ತು.

"ನೋಡಿದೆ," ಎಂದಳು.

ಬಾಯಿಗೆ ಅದೇ ಬಂತು. ಯೋಚಿಸಿ ಹೇಳಿದ್ದಲ್ಲ.

"ಓ, ನೋಡಿದ್ರಾ? ಉತ್ತರ ಬರ್ಲಿಲ್ಲ, ಅದಕ್ಕೇ ಕೇಳ್ದೆ. ಸರಿ, ಈಗ್ಲೇ ಹೇಳ್ಬಿಡಿ ಹಾಗಾದ್ರೆ."

ಬಾಗಿಲಿನಾಚೆ ಅತ್ತೆಯ ಬಳೆಯ ಸದ್ದೂ ನಿಂತಿತ್ತು. "ಅದು... ಬಾಯಲ್ಲಿ ಹೇಳೋದಕ್ಕಿಂತ ವಿವರವಾಗಿ ಬರೆದು ಕಳಿಸೋಣ ಅಂತ ಇಟ್ಕೊಂಡಿದ್ದೆ. ಅರ್ಧ ಬರೆದಿದೀನಿ. ಈವತ್ತು ಸಂಜೆಯೊಳಗೆ ಕಳಿಸ್ತೀನಿ." ಅರ್ಧ ಬರೆದಿದ್ದಾಳಂತೆ! ಯಾವ ಪ್ರಶ್ನೆಗೆ? ಕಂಪನಿಯಾಕೆ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಆಯ್ತು. ಐದು ಗಂಟೆಗೆ ನಾವು ಕೂತು ಯಾರನ್ನ ತಗೊಳ್ಳೋದು ಅಂತ ಮಾತಾಡ್ತೀವಿ. ಅಷ್ಟರೊಳಗೆ ಬಂದ್ರೆ ಒಳ್ಳೇದು. ನಿಜ ಹೇಳ್ಬೇಕು ಅಂದ್ರೆ ನನಗೆ ಆ ಉತ್ತರ ಒಂದೇ ಮುಖ್ಯ," ಎಂದು ನಕ್ಕು ಕರೆ ಮುಗಿಸಿದಳು.

ಕುಕ್ಕರ್ ಕೂಗಿತು. ಅನ್ನಕ್ಕೆ ಕೂತಾಗ ಅತ್ತೆ ಏನೂ ಕೇಳಲಿಲ್ಲ, ಕೇಳದಿರುವುದನ್ನು ಎದ್ದು ಕಾಣುವ ಹಾಗೆ ಮಾಡಿದರು. ಅವಳು ಅರ್ಧಕ್ಕೇ ತಟ್ಟೆ ಬಿಟ್ಟು ಎದ್ದಳು. ಆ ಪ್ರಶ್ನೆ ಎಲ್ಲಾದರೂ ಉಳಿದಿರಬಹುದೇ ಎಂದು ಮತ್ತೆ ಕೋಣೆಗೆ ಹೋಗಿ ಹುಡುಕಿದಳು. ಎಲ್ಲಿ ಉಳಿದೀತು, ಇಟ್ಟುಕೊಳ್ಳಲು ಜಾಗವನ್ನೇ ಮಾಡಿರಲಿಲ್ಲ. ಬರೆದವರು ಗುಂಡಿ ಒತ್ತುತ್ತಿದ್ದಂತೆ ಬರೆದದ್ದು ಅಳಿಸಿಹೋಗುವಂತೆ ಮಾಡಿದ್ದಳು, ಪೆಟ್ಟಿಗೆ ಚೊಕ್ಕಟವಾಗಿ ಕಾಣಲಿ ಎಂದು. ಪ್ರಶ್ನೆ ಏನಿದ್ದೀತು ಎಂದು ಊಹಿಸಿದಳು. ಯಾವ ಭಾಷೆಯಲ್ಲಿ ಬರೆದದ್ದು ಎಂದಿರಬಹುದು, ಬಸ್ಸಿನ ವೇಳಾಪಟ್ಟಿ ಎಲ್ಲಿಂದ ತಂದಿರಿ ಎಂದಿರಬಹುದು. ಎಲ್ಲಕ್ಕೂ ಸೇರಿಸಿ ಉದ್ದವಾಗಿ ಒಂದು ಉತ್ತರ ಬರೆದರೆ? ಎರಡು ಪ್ಯಾರಾ ಬರೆದೂ ಬರೆದಳು. ಓದಿದರೆ ಹಾರಿಕೆಯ ಮಾತು ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಗಂಟೆ ಎರಡೂವರೆ. ಆಗ ನೆನಪಾದದ್ದು, ಇದೇ ಕಂಪನಿಗೆ ಮೇಷ್ಟ್ರು ಇರುವೆಯ ಹೆಸರನ್ನೂ ಕಳಿಸಿದ್ದರು, ಅವಳ ಮಾತುಕತೆ ಹದಿನೈದು ದಿನ ಮೊದಲೇ ಆಗಿತ್ತು. ಈಯಮ್ಮ ಎಂಥ ಪ್ರಶ್ನೆ ಕೇಳುತ್ತಾಳೆಂದು ಅವಳಿಗೆ ಗೊತ್ತಿರಬೇಕು. ಆದರೆ ಯಾವ ಮುಖ ಹೊತ್ತು ಕೇಳುವುದು? ಹೋದ ವಾರ ಔಷಧಿ ಅಂಗಡಿಯ ಮುಂದೆ ಇರುವೆ ತನ್ನ ಅಮ್ಮನ ಜತೆ ನಿಂತದ್ದು ಕಂಡು, ಇವಳು ಚಪ್ಪಲಿ ಕಿತ್ತವಳ ಹಾಗೆ ಬಗ್ಗಿ, ಪಕ್ಕದ ಓಣಿಗೆ ತಿರುಗಿಬಿಟ್ಟಿದ್ದಳು. ತಿರುಗುವ ಮೊದಲು ಒಂದು ಗಳಿಗೆ ಕಣ್ಣು ಕೂಡಿದ್ದವು. ಇರುವೆ ನಗಲಿಲ್ಲ, ನೆಲ ನೋಡಿದಳು. ಸೈಟು ನೋಡಿದ್ದಾಳೆ, ಕಳ್ಳಿ ಅಂದುಕೊಂಡಿದ್ದಾಳೆ. ಕುಂಬಳಕಾಯಿ ಕಳ್ಳಿ ಎಂದು ಯಾರೂ ಅನ್ನದಿದ್ದರೂ ಅವಳ ಕೈ ಹೆಗಲು ಮುಟ್ಟಿಕೊಳ್ಳುತ್ತಲೇ ಇತ್ತು.

ಕೊನೆಗೆ ಫೋನು ಮಾಡಿದಳು, ಎರಡನೆಯ ಸಲಕ್ಕೆ ಎತ್ತಿದಳು. "ಅಕ್ಕಾ?" ಎಂದಳು ಇರುವೆ, ಕೋಪವಿರಲಿಲ್ಲ, ಗಾಬರಿಯಿತ್ತು.

ಚೆನ್ನಾಗಿದ್ದೀಯಾ, ಅಮ್ಮ ಹೇಗಿದ್ದಾರೆ ಎಲ್ಲ ಆಯಿತು. "ಆ ಕಂಪನಿಯೋರು ನಿನ್ನನ್ನ ಏನು ಕೇಳಿದ್ರೇ? ನಂದೂ ಈವತ್ತಿತ್ತು."

"ಹೌದಾ ಅಕ್ಕಾ? ನಿಮಗೆ ಆಗುತ್ತೆ ಬಿಡಿ. ನಂದು ಆಗ್ಲಿಲ್ಲ. ನಿಮ್ಮದೇ ಅಂತ ಅನ್ನಿಸೋ ಕೆಲಸ ಒಂದಾದ್ರೂ ತೋರ್ಸಿ ಅಂದ್ರು. ಕ್ಯಾಲ್ಕುಲೇಟರ್ ತೋರ್ಸಿದೆ. ಇದನ್ನ ಎಲ್ಲರೂ ತೋರಿಸ್ತಾರಮ್ಮ ಅಂದ್ರು."

"ಬಸ್ಸಿಂದು ಯಾಕೆ ತೋರಿಸ್ಲಿಲ್ಲ?"

ಆಚೆ ಕಡೆ ಎಲ್ಲೋ ಬಕೆಟ್ಟಿಗೆ ನೀರು ಬೀಳುವ ಸದ್ದು. "ನಿಮಗೆ ಬರೆದಿದ್ನಲ್ಲ ಅಕ್ಕಾ."

"ಎಲ್ಲಿ?"

"ನಿಮ್ಮ ಸೈಟಲ್ಲಿ, ಕೆಳಗೆ ಫಾರಂ ಇದೆಯಲ್ಲ. ನೀವು ಆಗ್ಲೇ ಬಸ್ಸಿಂದು ಹಾಕ್ಕೊಂಡಿದ್ರಿ. ನಾನೂ ಹಾಕ್ಕೊಂಡ್ರೆ ಇಬ್ರದ್ದೂ ಒಂದೇ ಅಂತ ಆಗಿ ನಿಮಗೇನಾದ್ರೂ ತೊಂದ್ರೆ ಆಗುತ್ತೇನೋ ಅಂತ. ನಾನೂ ಹಾಕ್ಕೋಬಹುದಾ ಅಂತ ಕೇಳಿದ್ದೆ. ಫೋನ್ ಮಾಡಿ ಕೇಳಿದ್ರೆ ನಿಮಗೆ ಇಲ್ಲ ಅನ್ನೋಕೆ ಕಷ್ಟ ಆಗುತ್ತೆ ಅಂತ ಅಲ್ಲಿ ಬರೆದೆ. ಬೇಗ ಉತ್ತರಿಸುತ್ತೇನೆ ಅಂತ ಬಂತು. ಕಾದೆ. ಆಮೇಲೆ ಇನ್ನೊಂದ್ಸಲ ಬರೆದೆ, ಮಾತುಕತೆಯ ಹಿಂದಿನ ದಿನ. ಅದಕ್ಕೂ ಹಾಗೇ ಬಂತು." ದನಿ ಇನ್ನೂ ಸಣ್ಣದಾಯಿತು. "ನಿಮಗೆ ಇಷ್ಟ ಇಲ್ಲ ಅಂತ ಅರ್ಥ ಆಯ್ತು. ಹಾಕ್ಲಿಲ್ಲ. ಬೇಜಾರಿಲ್ಲ ಅಕ್ಕಾ, ಅಂಗಡಿ ಹತ್ರ ನೀವು ಆ ಕಡೆ ಹೋದಾಗ ಸ್ವಲ್ಪ ಬೇಜಾರಾಯ್ತು, ಅಷ್ಟೇ."

ಕೇಳಿದ್ದಾಳೆ! ಇಪ್ಪತ್ತಾರು ನಿಲ್ದಾಣ ಅಮ್ಮನ ಮಂಡಿಯ ಜತೆ ನಡೆದವಳು, ತನ್ನ ಕೆಲಸವನ್ನು ತಾನು ತೋರಿಸಿಕೊಳ್ಳಲೇ ಎಂದು, ಅದನ್ನು ಕದ್ದವಳ ಅಪ್ಪಣೆ ಕೇಳಿದ್ದಾಳೆ. ಎರಡು ಸಲ. ಅವಳು ಬೈದಿದ್ದರೆ, ಮೇಷ್ಟ್ರಿಗೆ ದೂರು ಕೊಟ್ಟಿದ್ದರೆ, ಬೀದಿಯಲ್ಲಿ ನಿಲ್ಲಿಸಿ ಕೇಳಿದ್ದರೆ ಎಷ್ಟೋ ವಾಸಿಯಿತ್ತು. "ಇಲ್ವೇ, ಅದು ನನಗೆ ಬರ್ಲೇ ಇಲ್ಲ," ಎಂದಳು. ನಿಜವೇ ಹೇಳಿದ್ದಳು, ಆದರೆ ಅದೂ ಸುಳ್ಳಿನ ಹಾಗೇ ಕೇಳಿಸಿತು. "ಆ ಫಾರಂ ಸುಳ್ಳು ಕಣೇ. ಅದು ಯಾರಿಗೂ ಏನೂ ಕಳಿಸಲ್ಲ. ನಾನು ಜೋಡ್ಸಿರಲಿಲ್ಲ."

"ಹೌದಾ?" ಎಂದಳು ಇರುವೆ. ಆಮೇಲೆ ಒಂದು ನಿಟ್ಟುಸಿರು, ನಗುವೋ ಅಳುವೋ ತಿಳಿಯದಂಥದು. "ನಾನೂ ಒಂದ್ಸಲ ಒಳಗೆ ಹೋಗಿ ನೋಡ್ಬೇಕಿತ್ತು ಅಕ್ಕಾ. ಹೊಳೀಲೇ ಇಲ್ಲ. ನೀವು ಹಾಗೆ ಬರೆದಿದ್ರಿ, ನಂಬಿಬಿಟ್ಟೆ."

ಫೋನಿಟ್ಟಾಗ ಮೂರು ಗಂಟೆ. ಕಂಪನಿಗೆ ಬರೆಯುವುದಕ್ಕೆ ಮೊದಲು ಫಾರಮ್ಮನ್ನು ಬಿಚ್ಚಿದಳು. 'ಆಮೇಲೆ ಜೋಡಿಸಬೇಕು' ಎಂದು ತಾನೇ ಬರೆದ ಸಾಲು ಇನ್ನೂ ಅಲ್ಲೇ ಇತ್ತು. ಅಳಿಸಿದಳು. ಇಪ್ಪತ್ತು ನಿಮಿಷದ ಕೆಲಸ ಎಂದುಕೊಂಡದ್ದು ಮುಗಿಯಲೇ ಇಲ್ಲ, ಏನು ಮಾಡಿದರೂ ತಪ್ಪಿದೆ ಎಂಬ ಕೆಂಪು ಅಕ್ಷರ. ನಾಲ್ಕಕ್ಕೆ ಮಗಳು ಶಾಲೆಯಿಂದ ಬಂದು ಚೀಲ ಎಸೆದಳು. "ಪುಟ್ಟೀ, ಇಲ್ಲಿ ಏನಾದ್ರೂ ಬರೆದು ಒತ್ತು," ಎಂದು ಅವಳ ಕೈಗೆ ಫೋನು ಕೊಟ್ಟಳು. "ಆವತ್ತು ಬರೆದಿದ್ದನ್ನೇ ಬರೀಲಾ?" "ಬರಿ." ಮಗಳು ಹುಬ್ಬು ಗಂಟಿಕ್ಕಿ, "ನೀನು ಓದಿದೀಯಲ್ಲ ಅದನ್ನ," ಎಂದಳು. ಅಮ್ಮನ ಮುಖ ನೋಡಿ ತಾನೇ ಏನೋ ಅರ್ಥ ಮಾಡಿಕೊಂಡು, ಬರೆದು ಒತ್ತಿದಳು. ಕೆಂಪು. ಇವಳು ಒಂದು ಕಡೆ ಬಿಟ್ಟಿದ್ದ ವಿಳಾಸ ಸರಿಮಾಡಿದಳು, ಮಗಳು ಮತ್ತೆ ಒತ್ತಿದಳು. ಅಂಚೆಯಲ್ಲಿ ಬಂತು, ಮೊಟ್ಟಮೊದಲನೆಯದು: ಅಮ್ಮ ಫೋಟೋದಲ್ಲಿ ನೀನು ಹೆದರಿಕೊಂಡಿದ್ದೀಯ, ನಗು. ಮೂರು ತಿಂಗಳ ಹಿಂದೆ ಬರೆದ ಮಾತು. ಅವಳು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. "ಓದಿರಲಿಲ್ಲ ಪುಟ್ಟೀ ಆವತ್ತು. ಸುಳ್ಳು ಹೇಳಿದ್ದೆ," ಎಂದಳು. "ಗೊತ್ತಾಯ್ತು ಬಿಡು," ಎಂದು ಬಿಡಿಸಿಕೊಂಡು ಮಗಳು ಅಜ್ಜಿಯ ಹತ್ತಿರ ತಿಂಡಿಗೆ ಓಡಿದಳು.

ನಾಲ್ಕೂ ಮೂವತ್ತೈದು. ಕಂಪನಿಯಾಕೆಗೆ ಬರೆದಳು. ಬೆಳಗ್ಗೆ ನಾನು ಸುಳ್ಳು ಹೇಳಿದೆ. ನಿಮ್ಮ ಪ್ರಶ್ನೆ ನನಗೆ ತಲುಪಿರಲಿಲ್ಲ, ನನ್ನ ಫಾರಂ ತಲುಪಿದೆ ಎಂದು ಬರಿದೇ ತೋರಿಸುತ್ತಿತ್ತು. ಈಗ ಸರಿಮಾಡಿದ್ದೇನೆ. ದಯವಿಟ್ಟು ಮತ್ತೊಮ್ಮೆ ಅಲ್ಲೇ ಕೇಳುತ್ತೀರಾ? ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತಳು. ಒತ್ತಿದರೆ ಕೆಲಸ ಹೋಯಿತು. ಹದಿನಾಲ್ಕು ತಿಂಗಳ ಕಲಿಕೆ, ಗಂಡನ ಮೌನ, ಅತ್ತೆಯ ಬಾಗಿಲ ಸಂದಿ, ಎಲ್ಲವೂ ನೀರಿನಲ್ಲಿ ಹೋಮ. ಒಳ್ಳೆಯವಳಾಗಿಬಿಡಬೇಕೆಂಬ ಆಸೆಯೇನೂ ಅವಳಿಗಿರಲಿಲ್ಲ. ಇನ್ನೊಮ್ಮೆ ಆ ಗಾಜಿನ ಹಿಂದೆ ಕೂರಲಾರೆ ಎನ್ನಿಸಿತು, ಅಷ್ಟೇ. ಒತ್ತಿದಳು.

"ಏನಾಯ್ತೇ?" ಅತ್ತೆ ಈ ಸಲ ಬಾಗಿಲನ್ನು ಪೂರ್ತಿ ತೆಗೆದು ಒಳಗೇ ಬಂದಿದ್ದರು, ಕೈಯಲ್ಲಿ ಕಾಫಿ ಲೋಟ. "ಬೆಳಗ್ಗಿಂದ ನೋಡ್ತಿದೀನಿ, ಮುಖ ಹುಳಿ ಹಿಂಡಿದ ಹಾಲಾಗಿದೆ."

"ತಪ್ಪು ಮಾಡಿದ್ದೆ ಅತ್ತೆ. ಹೇಳ್ಬಿಟ್ಟೆ. ಕೆಲಸ ಸಿಗೋದು ಅನುಮಾನ."

ಅತ್ತೆ ಲೋಟ ಮೇಜಿನ ಮೇಲಿಟ್ಟರು, ಕೀಲಿಮಣೆಯಿಂದ ದೂರ, ಎಚ್ಚರಿಕೆಯಿಂದ. "ಕುಡಿ. ಹೇಳೋದು ಹೇಳಿಯಾಯ್ತಲ್ಲ, ಇನ್ನು ಅದನ್ನೇ ಕೊರೀತಾ ಕೂರ್ಬೇಡ," ಎಂದು ಮಂಚದ ಮೇಲೆ ಕೂತರು. ಏಳಲಿಲ್ಲ.

ನಾಲ್ಕೂ ಐವತ್ತಕ್ಕೆ ಫಾರಮ್ಮಿನಿಂದ ಅಂಚೆ ಬಂತು. ಕಂಪನಿಯಾಕೆಯದು. ಬೇರೆ ಒಂದು ಮಾತಿಲ್ಲ, ಬೈಗುಳವಿಲ್ಲ, ಸೋಮವಾರ ಬರೆದದ್ದನ್ನೇ ಮತ್ತೆ ಬರೆದಿದ್ದಳು. ನನ್ನ ತಂದೆ ಕೋಲೂರಿ ನಡೆಯುತ್ತಾರೆ. ನಿಮ್ಮ ಬಸ್ಸಿನ ಸೈಟು ಅವರಿಗೆ ತುಂಬ ಇಷ್ಟವಾಗಿದೆ. ನಿಧಾನ ನಡೆಯುವವರಿಗೆ ಹದಿನಾಲ್ಕು ನಿಮಿಷ ಎಂದು ಬೇರೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಇದು ನಿಮಗೆ ಹೇಗೆ ಹೊಳೆಯಿತು?

ಅವಳು ಎರಡು ಸಲ ಓದಿದಳು. ಹತ್ತು ನಿಮಿಷ ಉಳಿದಿತ್ತು, ಅಷ್ಟು ಬೇಕಾಗಲಿಲ್ಲ. ಮೊದಲು ತನ್ನ ಸೈಟಿನಿಂದ ಮೂರನೆಯ ಚೌಕ ತೆಗೆದಳು. ಫೋಟೋದ ಕೆಳಗೆ ಎರಡೇ ಉಳಿದವು. ಆಮೇಲೆ ಉತ್ತರ ಬರೆದಳು.

ಅದು ನನಗೆ ಹೊಳೆಯಲಿಲ್ಲ. ಹೊಳೆದವಳು ಹದಿನೈದು ದಿನದ ಹಿಂದೆ ನಿಮ್ಮ ಮುಂದೆ ಕೂತು ಕ್ಯಾಲ್ಕುಲೇಟರ್ ತೋರಿಸಿದಳು, ಯಾಕೆಂದರೆ ನಾನು ಅವಳಿಗೆ ಉತ್ತರ ಕೊಟ್ಟಿರಲಿಲ್ಲ. ಅವಳ ನಂಬರು ಕೆಳಗಿದೆ, ದಯವಿಟ್ಟು ಅವಳನ್ನೇ ಕೇಳಿ. ಅದರಲ್ಲಿ ನಾನು ಮಾಡಿದ್ದು ಈಗ ನಿಮ್ಮ ಪ್ರಶ್ನೆಯನ್ನು ನನಗೆ ತಲುಪಿಸಿತಲ್ಲ, ಅಂಥದೊಂದು ಫಾರಂ ಮಾತ್ರ. ಇದು ನಿಜವಾಗಿ ಕೆಲಸ ಮಾಡತೊಡಗಿದ್ದೂ ಈವತ್ತು ನಾಲ್ಕು ಗಂಟೆಯಿಂದ.